ಸ್ಕೋರ್ ಏರಿಸುವವನ ಫೋನು

ಅಹಮದಾಬಾದಿಗೆ ನಾನು ಬಂದದ್ದು ಬಡ್ತಿಯ ಮೇಲೆ. ನವರಂಗಪುರದಲ್ಲಿ ವಿಮಾ ಕಚೇರಿ, ಬೋಡಕ್‌ದೇವ್‌ನಲ್ಲಿ ಬಾಡಿಗೆ ಮನೆ. ಮದುವೆಯಾಗದ ಹೆಂಗಸು ಒಬ್ಬಳೇ ಇರುತ್ತಾಳೆಂದರೆ ಮನೆ ಮಾಲೀಕರಿಗೆ ಅದೇನು ಸಂಕಟವೋ! ಮೊಟ್ಟೆ ತಿನ್ನುತ್ತೀರಾ, ಮನೆಗೆ ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಎಂದು ವಿಚಾರಣೆ. ಯಾರು ಬರುತ್ತಾರೆ, ನನ್ನ ಕರ್ಮ! ಕರಾರು ಮುಗಿದಾಗಲೆಲ್ಲ ಗಂಟುಮೂಟೆ ಕಟ್ಟಿ ರೋಸಿಹೋಗಿ, ಒಂದೇ ಕೋಣೆಯದಾದರೂ ಸರಿ, ಸ್ವಂತ ಮನೆ ಕೊಳ್ಳುತ್ತೇನೆಂದು ಹಟ ತೊಟ್ಟೆ.

ಬ್ಯಾಂಕು ಸಾಲ ಕೊಡಲಿಲ್ಲ. ಕ್ರೆಡಿಟ್ ಸ್ಕೋರ್ ಕಡಿಮೆಯಂತೆ. ಧಾರವಾಡದಲ್ಲಿದ್ದಾಗ ಸ್ಕೂಟರಿಗೆಂದು ತೆಗೆದು ಪೂರ್ತಿ ತೀರಿಸಿದ್ದ ಸಾಲ ದಾಖಲೆಯಲ್ಲಿ ಇನ್ನೂ ಬಾಕಿ ಎಂದೇ ಕೂತಿತ್ತು. ಕಂಗಾಲಾಗಿ ಮೊಬೈಲಿನಲ್ಲಿ ಹುಡುಕಿ, ಸ್ಕೋರ್ ಸರಿಮಾಡುತ್ತೇವೆಂಬ ಯಾವುದೋ ಜಾಹೀರಾತು ಒತ್ತಿ ನಂಬರು ಕೊಟ್ಟೆ. ಯಾವ ಭಾಷೆಯಲ್ಲಿ ಮಾತಾಡಬೇಕು ಎಂದು ಕೇಳಿತು. ಕನ್ನಡ ಎಂದು ಒತ್ತಿದೆ. ಅಲ್ಲೇ ನಾನು ಎಡವಿದ್ದು.

ಮರುದಿನ ಸಂಜೆ ಫೋನು ಬಂತು. "ನಮಸ್ಕಾರ್ರಿ ಅಕ್ಕಾರ, ಸ್ಕೋರ್ ಸರಿ ಮಾಡೋ ಕಂಪನಿಯಿಂದ ಮಾತಾಡಾಕತ್ತೀನ್ರಿ. ನೀವು ಧಾರವಾಡ ಕಡಿಯವ್ರೇನ್ರಿ? ನಾವು ಗದಗಿನವ್ರು."

ನಮ್ಮ ಕಚೇರಿಯವರು ಒಳ್ಳೆಯವರೇ. ಆದರೆ ಅವರು ನಗುವುದು ಗುಜರಾತಿಯಲ್ಲಿ. ಆ ಜೋಕು ಹಿಂದಿಗೆ ಬದಲಾಗಿ ನನ್ನ ತನಕ ಬರುವಷ್ಟರಲ್ಲಿ ಸಪ್ಪೆಯಾಗಿರುತ್ತಿತ್ತು. ಮನೆಯಲ್ಲಿ ನಾನು ಕನ್ನಡ ಆಡುತ್ತಿದ್ದದ್ದು ಕುಕ್ಕರನ್ನು ಬೈಯುವುದಕ್ಕೆ ಮಾತ್ರ. ಈ ಗದಗಿನವನು "ಗುಜರಾತಿನ್ಯಾಗ ಬ್ಯಾಳಿಗೂ ಬೆಲ್ಲ ಹಾಕ್ತಾರಂತ, ಖರೇನ್ರಿ?" ಎಂದಾಗ ಜೋರಾಗಿ ನಕ್ಕುಬಿಟ್ಟೆ. ನಗುತ್ತ ನಗುತ್ತಲೇ ಖಾತೆ ನಂಬರು, ಹುಟ್ಟಿದ ತಾರೀಖು ಕೊಟ್ಟೆ. ನಮ್ಮ ಕಡೆಯವನಲ್ಲವೇ!

"ಮೊದಲ ಅರ್ಧ ಫೀ ಹಾಕ್ರಿ. ಸ್ಕೋರ್ ಏರೋದು ಗ್ಯಾರಂಟಿ. ಬ್ಯಾಂಕಿನವ್ರ ಜೋಡಿ ಮಾತ್ರ ಮಾತಾಡಬ್ಯಾಡ್ರಿ, ಕೆಲಸ ಕೆಡತೈತಿ."

ಇಷ್ಟು ವರ್ಷ ವಿಮೆ ಮಾರಿದವಳು ನಾನು. ಯಾರನ್ನೂ ಕೇಳಬೇಡಿ ಎನ್ನುವವನಿಂದ ದೂರ ಸರಿಯಬೇಕೆಂದು ನನಗೆ ಬೇರೆಯವರು ಹೇಳಬೇಕೇ? ಬ್ಯಾಂಕಿಗೆ ಹೋದೆ. ಅಲ್ಲಿನ ಅಧಿಕಾರಿ ಹೆಂಗಸು ಬೇನ್, ಬೇನ್ ಎಂದು ಅಕ್ಕನನ್ನು ಕರೆದಂತೆ ಕರೆಯುತ್ತ ಹಿಂದಿಯಲ್ಲಿ ಬಿಡಿಸಿ ಹೇಳಿದಳು: ದಾಖಲೆಯಲ್ಲಿ ತಪ್ಪಿದ್ದರೆ ನೀವೇ ದೂರು ಕೊಡಬಹುದು, ಅದಕ್ಕೆ ದುಡ್ಡು ಬೇಡ, ಬಾಕಿ ನಿಜವಾಗಿದ್ದರೆ ದುಡ್ಡು ತಗೊಂಡು ಅಳಿಸಲು ಯಾರಿಂದಲೂ ಆಗದು. ಧಾರವಾಡದ ಶಾಖೆಯಿಂದ ಸಾಲ ತೀರಿದ ಪತ್ರ ತರಿಸಿ ದೂರು ಕೊಟ್ಟೆ.

ಅಲ್ಲಿಗೆ ಅವನು ಮೋಸಗಾರ ಎಂಬುದು ಖಚಿತವಾಯಿತು. ಆದರೂ ಸಂಜೆ ಅವನ ಫೋನು ಎತ್ತಿದೆ. ಸಂಬಳ ಆಗಲಿ ಎಂದೆ, ಆ್ಯಪ್ ಕೆಟ್ಟಿದೆ ಎಂದೆ, ಫೀ ಮುಂದೆ ತಳ್ಳುತ್ತ ಹೋದೆ. ಅವನೂ ಬಿಡದೆ ಫೋನು ಮಾಡುತ್ತಿದ್ದ. ಆ ಹೊತ್ತಿಗೆ ಮನೆ ಸೇರಬೇಕೆಂದು ಬಸ್ಸಿಗೆ ಓಡುತ್ತಿದ್ದೆ. ಮೋಸಗಾರನೆಂದು ಗೊತ್ತಿದ್ದೂ ಓಡುತ್ತಿದ್ದೆನಲ್ಲ, ಅದಕ್ಕೆ ಏನೆನ್ನಲಿ? ಅಷ್ಟು ಒಂಟಿಯಾಗಿದ್ದೆ.

ಒಂದು ಸಂಜೆ ಅವನ ಸಹನೆ ಮುಗಿಯಿತು. "ಫೀ ಆಮ್ಯಾಲೆ ನೋಡೂಣ್ರಿ. ನಿಮ್ಮ ಮೊಬೈಲಿಗೆ ಓಟಿಪಿ ಬಂದೈತಿ, ಅದೊಂದು ಹೇಳ್ರಿ. ಹೇಳಲಿಲ್ಲಂದ್ರ ಇನ್ನ ನಾ ಫೋನ್ ಮಾಡಂಗಿಲ್ಲ."

ಮೆಸೇಜು ನೋಡಿದೆ. ಮನೆಗೆಂದು ಕೂಡಿಟ್ಟ ದುಡ್ಡೆಲ್ಲ ಇದ್ದ ಖಾತೆಯದು. ಯಾರಿಗೂ ಹೇಳಬೇಡಿ ಎಂದು ಅದರಲ್ಲೇ ಬರೆದಿತ್ತು. ಆದರೆ ನನ್ನ ಕಿವಿಯಲ್ಲಿದ್ದದ್ದು, ಇನ್ನು ಫೋನ್ ಮಾಡುವುದಿಲ್ಲ ಎಂಬ ಮಾತು. ಮೊದಲ ಅಂಕಿ ಬಾಯಿಂದ ಜಾರಿಯೇಬಿಟ್ಟಿತು. ಅಲ್ಲಿಗೆ ತುಟಿ ಕಚ್ಚಿ ನಿಂತೆ.

"ಹೇಳಂಗಿಲ್ಲ," ಎಂದೆ.

"ಮತ್ತ ಇಷ್ಟ ದಿನ ಯಾಕ ಮಾತಾಡಿದ್ರಿ?"

"ಇಲ್ಲೆ ನನ್ನ ಜೋಡಿ ಮಾತಾಡೋರು ಯಾರೂ ಇಲ್ಲಪಾ."

ಅವನು ಫೋನು ಇಡಲಿಲ್ಲ. ಉಸಿರು ಕೇಳಿಸುತ್ತಿತ್ತು. ಏನೋ ಒಂದು ಒಳ್ಳೆಯ ಮಾತು ಆಡುತ್ತಾನೆಂದು, ದೇವರಾಣೆ, ಕಾದೆ.

"ಆತ್ರಿ ಅಕ್ಕಾರ," ಎಂದ ಮೆಲ್ಲಗೆ, "ಉಳಿದ ನಂಬರ್ ಹೇಳ್ರಿ."