ಮತ್ತೆ ತಿದ್ದಿದ ಅಕ್ಷರ

ಎರಡು ವಾರ ಕೂತು ಮಕ್ಕಳ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಿದ್ದೆ. ಆ ಕಟ್ಟನ್ನು ಸಾಗರದಲ್ಲಿ ಒಪ್ಪಿಸಿ, ಹೊಸನಗರಕ್ಕೆ ವಾಪಸಾಗಲು ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಬೆಳಗಿನಿಂದ ತಲೆಯ ಹಿಂಭಾಗ ಸಿಡಿಯುತ್ತಿತ್ತು. ಎದುರಿಗೆ ಒಂದು ಬಸ್ಸು ಬಂದು ನಿಂತಿತು. ತಲೆ ಎತ್ತಿ ಬೋರ್ಡು ನೋಡಿದೆ.

ಅದು ಕನ್ನಡವಾಗಿರಲಿಲ್ಲ.

ತೆಲುಗು ಇರಬಹುದೇ ಎಂದುಕೊಂಡೆ. ಪಕ್ಕದ ಬಸ್ಸಿನದೂ ಹಾಗೇ. ಹೋಟೆಲಿನ ಹಲಗೆಯೂ ಹಾಗೇ. ಅಕ್ಷರಗಳು ಕಾಣುತ್ತಿದ್ದವು, ದುಂಡಗೆ, ಸಾಲಾಗಿ. ಒಂದೂ ಬಾಯಿ ಬಿಡಲಿಲ್ಲ. ಕೊನೆಗೆ ಕಂಡಕ್ಟರನನ್ನು ಕೇಳಿದೆ, ಇದು ಎಲ್ಲಿಗೆ ಹೋಗುತ್ತದೆ ಎಂದು.

"ಬೋರ್ಡ್ ಓದಕ್ಕೆ ಬರಲ್ವಾ? ಪ್ಯಾಂಟ್ ಬೇರೆ ಹಾಕೀರಿ."

ನಿಂತವರು ನಕ್ಕರು. ನಾನು ಅರವತ್ತೊಂದನೇ ಇಸವಿಯಲ್ಲಿ ಬಿ.ಎ. ಪಾಸಾದವನು. ಅಪ್ಪ ಗೇಣಿದಾರ, ಸಾಯುವವರೆಗೂ ಹೆಬ್ಬೆಟ್ಟು ಒತ್ತಿದವನು. ನಮ್ಮ ಮನೆತನದಲ್ಲಿ ಪುಸ್ತಕ ಬಿಡಿಸಿದ ಮೊದಲ ಕೈ ನನ್ನದು. ಅದನ್ನು ಆ ಕಂಡಕ್ಟರನಿಗೆ ಹೇಳಬೇಕು ಅನ್ನಿಸಿತು. ಅಷ್ಟರಲ್ಲಿ ಪಕ್ಕದವರು ಹೊಸನಗರದ್ದು ಎಂದರು. ಹತ್ತಿ ಕೂತೆ.

ಮಾರನೆಯ ದಿನ ಅವ್ವ ನನ್ನನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಚಿಕ್ಕಂದಿನಲ್ಲಿ ಕೀಲೆಲ್ಲ ಊದಿ ಜ್ವರ ಬಂದಿತ್ತೇ ಎಂದು ವಿಚಾರಿಸಿದರು. ಬಂದಿತ್ತು. ಆಗ ಹಾರ್ಟಿನ ವಾಲ್ವ್ ಕೆಟ್ಟಿದೆ, ಅಲ್ಲಿಂದ ಒಂದು ಕ್ಲಾಟ್, ಹೆಪ್ಪುಗಟ್ಟಿದ ರಕ್ತ, ಈಗ ಮಿದುಳಿಗೆ ಹೋಗಿದೆ ಎಂದರು. ಬಲಗಡೆಯ ಅರ್ಧ ನೋಟವೂ ಹೋಗಿತ್ತು. ಅದು ನನಗೇ ತಿಳಿದಿರಲಿಲ್ಲ.

ಆಮೇಲೆ ಕಾಗದ ಕೊಟ್ಟರು. "ನಿಮ್ಮ ಹೆಸರು, ಊರು ಬರೀರಿ."

ಬರೆದೆ. ಕೈ ತಡವರಿಸಲಿಲ್ಲ. ಅವರು ಕಾಗದ ನೋಡಿ ತಲೆಯಾಡಿಸಿ, ತಿರುಗಿ ನನ್ನ ಕೈಗೇ ಕೊಟ್ಟರು. "ಈಗ ಓದಿ."

ನನ್ನ ಹೆಸರು ನನಗೇ ಗುರುತು ಸಿಗಲಿಲ್ಲ.

"ಅಲೆಕ್ಸಿಯಾ" ಎಂದರು ಡಾಕ್ಟರು. "ನೋಡುವುದಕ್ಕೆ, ಮಾತಾಡುವುದಕ್ಕೆ ಹುಟ್ಟುವಾಗಲೇ ಮಿದುಳಿನಲ್ಲಿ ಜಾಗ ಇರುತ್ತದೆ ಮಾಸ್ತರೇ. ಓದುವುದಕ್ಕೆ ಇರುವುದಿಲ್ಲ. ಕಾಡಿನಲ್ಲಿ ನಡೆದೂ ನಡೆದೂ ಕಾಲುದಾರಿ ಬೀಳುವ ಹಾಗೆ ನಾವೇ ಮಾಡಿಕೊಳ್ಳಬೇಕು. ನಿಮ್ಮದು ಕಡಿದುಹೋಗಿದೆ."

"ಮತ್ತೆ ಬೀಳುತ್ತದೆಯೇ?"

"ಇನ್ನೂ ಚಿಕ್ಕ ವಯಸ್ಸು. ನಡೆದು ನೋಡಿ."

ಊರಲ್ಲಿ ಬೇರೆ ಮಾತಾಡಿದರು. ಕಣ್ಣಿಗೆ ಕಾಣದ್ದು ಬಂದು ಮನುಷ್ಯನನ್ನು ಹಿಡಿದರೆ ನಮ್ಮ ಕಡೆ ಗರ ಬಡಿಯಿತು ಎನ್ನುತ್ತಾರೆ. ಮಾಸ್ತರಿಗೆ ಸಾಗರದಲ್ಲಿ ಗರ ಬಡಿದಿದೆ ಎಂದರು. ಹೆಡ್‌ಮಾಸ್ಟರು ಮನೆಗೆ ಬಂದರು. ಒಳ್ಳೆಯವರು, ಆದರೆ ಕಟ್ಟುನಿಟ್ಟು. "ಜೂನ್‌ನಲ್ಲಿ ಶಾಲೆ ಶುರುವಾದ ದಿನ ಮಕ್ಕಳ ಮುಂದೆ ಒಂದು ಪಾಠ ಓದಬೇಕು. ಆಗಲಿಲ್ಲ ಅಂದ್ರೆ ನಾನು ಮೇಲಕ್ಕೆ ಬರೆಯಲೇಬೇಕು" ಎಂದರು. ಅವರು ಹೋದ ಮೇಲೆ ನಾನು ಗೋಡೆಗೆ ಮುಖ ಮಾಡಿ ಮಲಗಿದೆ.

"ಎಂತಾ ಅದು, ಸತ್ತವರ ಮನೆ ಹಂಗೆ?" ಅಂದಳು ಅವ್ವ. "ನಾನು ಹುಟ್ಟಿದಾಗಿಂದ ಹಿಂಗೇ ಇದೀನಿ. ಉಣ್ಣಲ್ವಾ? ನಗಲ್ವಾ?"

ಅವಳು ಹಳ್ಳಕ್ಕೆ ಹೋಗಿ ಸೆರಗಿನಲ್ಲಿ ಮರಳು ತಂದು ಮೊರದಲ್ಲಿ ಹರಡಿದಳು. "ಮೊದಲು ಹೆಂಗೆ ಕಲಿತೆ? ನಿನಗೆ ಕಲಿಸಿದ ಮಾಸ್ತರ ಜಗಲೀಲಿ ಮರಳಿನ ಮೇಲೆ ತಿದ್ದಿ. ನಾನು ಹೊರಗೆ ನಿಂತು ನೋಡಿದೀನಿ. ಏಳು, ಮತ್ತೆ ತಿದ್ದು."

ಪತ್ರಿಕೆ ತಿದ್ದುವ ಮಾಸ್ತರನಾದ ನಾನು ಅಕ್ಷರ ತಿದ್ದಲು ಕೂತೆ.

ಒಂದನೇ ತರಗತಿ ಪುಸ್ತಕ ತೆರೆದಿಟ್ಟು, ಅವ್ವ ನನ್ನ ತೋರುಬೆರಳು ಹಿಡಿದು ಅಚ್ಚಿನ ಗೆರೆಯ ಮೇಲೆ ನಡೆಸಿದಳು. ಯಾವ ಅಕ್ಷರವೆಂದು ಅವಳಿಗೆ ಗೊತ್ತಿಲ್ಲ. ಕಣ್ಣಿದ್ದೂ ನನಗೂ ಗೊತ್ತಿಲ್ಲ. ಬೆರಳು ಮೇಲೆ ಹೋಯಿತು, ಬಳುಕಿತು, ಕೆಳಗಿಳಿಯಿತು. ಅದೇ ದಾರಿಯನ್ನು ಮರಳಿನ ಮೇಲೆ ಎಳೆದೆ. ಇನ್ನೊಮ್ಮೆ ಎಳೆದೆ.

"ಗ" ಅಂದಿತು ನನ್ನ ಬಾಯಿ.

ಕಣ್ಣು ಮರೆತದ್ದನ್ನು ಬೆರಳು ಮರೆತಿರಲಿಲ್ಲ. ಅವ್ವನಿಗೆ ನಾನು ಹೇಳಿದೆ, ಇದು ಗ. ಅವಳು, "ಹೌದನಾ?" ಎಂದು ಅದನ್ನೇ ತಾನೂ ಒಮ್ಮೆ ತಿದ್ದಿದಳು.

ದಿನಾ ಬೆಳಿಗ್ಗೆ ಅದೇ ಕೆಲಸ, ಇಬ್ಬರಿಗೂ. ಒಂದು ದಿನ ಬೇಸರ ಕಳೆಯಲು, ಶಾಲೆಯಲ್ಲಿ ಆಡಿಸುವ ಆಟದ ಪ್ರಶ್ನೆಯನ್ನು ಅವ್ವನಿಗೆ ಕೇಳಿದೆ. "ಅರಸ ಅನ್ನೋದರಲ್ಲಿ ತಲೆಯ ಅಕ್ಷರ ತೆಗೆದರೆ ಎಂತ ಉಳಿಯುತ್ತೆ?"

"ಅರಸನ ತಲೆ ತೆಗದ್ರೆ ಎಂತ ಉಳೀತದೆ? ಹೆಣ."

ನನಗೆ ನಗು ಬಂತು, ಆಮೇಲೆ ಯೋಚನೆ ಬಂತು. ಅವಳಿಗೆ ಮಾತು ಹರಿಯುವ ನೀರು, ಅದನ್ನು ಯಾರೂ ತುಂಡು ಮಾಡುವುದಿಲ್ಲ. ಮಾತನ್ನು ಕತ್ತರಿಸಬಹುದು, ಕೂಡಿಸಬಹುದು ಎಂದು ನಾನು ಕಲಿತದ್ದು ಏಳನೆಯ ವಯಸ್ಸಿನಲ್ಲಿ, ಮರಳಿನ ಮೇಲೆ. ಅಂದಿನಿಂದ ನಾನು ಕೇಳುವ ರೀತಿಯೇ ಬೇರೆಯಾಗಿತ್ತು, ನೆನಪಿಡುವ ರೀತಿಯೂ. ಮೂರು ಸಾಮಾನು ತರಲು ಹೇಳಿದರೆ ನನಗೆ ಚೀಟಿ ಬೇಕು. ಯಾರ ಮನೆ ಎಮ್ಮೆ ಯಾವ ಮಳೆಯಲ್ಲಿ ಕರು ಹಾಕಿತು ಎನ್ನುವುದನ್ನು ಅವ್ವ ಇಪ್ಪತ್ತು ವರ್ಷ ಹಿಂದಿನದನ್ನೂ ಹೇಳುತ್ತಾಳೆ. ಓದು ನನಗೆ ಒಂದನ್ನು ಕೊಟ್ಟು ಇನ್ನೊಂದನ್ನು ತೆಗೆದುಕೊಂಡಿತ್ತು. ಈಗ ಕೊಟ್ಟದ್ದನ್ನೂ ಕಿತ್ತುಕೊಂಡಾಗಲೇ ಅದರ ತೂಕ ತಿಳಿದದ್ದು.

ಮೇ ತಿಂಗಳ ಕೊನೆಗೆ ನಾನು ಒಂದೊಂದು ಸಾಲು ಓದತೊಡಗಿದ್ದೆ, ಬೆರಳಾಡಿಸುತ್ತಾ. ಅಂಥ ಒಂದು ಬೆಳಿಗ್ಗೆ ಅವ್ವ, "ಬಾ ಇಲ್ಲಿ" ಎಂದು ಕರೆದಳು. ಮೊರದ ಮರಳಿನ ಮೇಲೆ ಮೂರು ಅಕ್ಷರ ಬರೆದಿದ್ದಳು. ಸಾಗರ. ನಾನು ನೋಡುತ್ತಿದ್ದ ಹಾಗೆ ಮೊದಲನೆಯದರ ಮೇಲೆ ಅಂಗೈ ಮುಚ್ಚಿದಳು.

"ಸಾಗರದ ತಲೆ ತೆಗದ್ರೆ ಎಂತ ಉಳೀತದೆ ಹೇಳು."

ಗಾಳಿಯಲ್ಲಿ ತಿದ್ದಿ ಓದಿದೆ. ಗರ.

"ನೋಡು, ನಿನ್ನ ಗರ ಅಲ್ಲೇ ಅಡಗಿ ಕೂತಿತ್ತು" ಎಂದು ಉಳಿದೆರಡನ್ನೂ ಅಂಗೈಯಲ್ಲಿ ಒರೆಸಿಬಿಟ್ಟಳು. "ಹೋತು."

ಕಾಯಿಲೆ ಬಂದ ಮೇಲೆ ಅವತ್ತೇ ನಾನು ಹೊಟ್ಟೆ ಹಿಡಿದುಕೊಂಡು ನಕ್ಕದ್ದು. ಅವಳು ಮಾತನ್ನು ಕತ್ತರಿಸಿದ್ದಳು. ಐವತ್ತು ದಾಟಿದವಳ ತಲೆಯಲ್ಲಿ ಹೊಸ ಕಾಲುದಾರಿ ಬಿದ್ದಿತ್ತು.

ಜೂನ್ ಬಂತು. ಹೆಡ್‌ಮಾಸ್ಟರು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತರು. ನಾನು ಎಡಗೈಯಲ್ಲಿ ಪುಸ್ತಕ ಹಿಡಿದು, ಬಲಗೈ ಪ್ಯಾಂಟಿನ ಜೇಬಿಗೆ ಹಾಕಿದೆ. ಒಳಗೆ ತೊಡೆಯ ಮೇಲೆ ಬೆರಳು ಒಂದೊಂದೇ ಅಕ್ಷರ ತಿದ್ದುತ್ತಿತ್ತು, ಹೊರಗೆ ಬಾಯಿ ಓದುತ್ತಿತ್ತು. ನಿಧಾನವಾಗಿ. ಒಂದು ಪುಟ. ಎರಡು ಪುಟ. ಅಂಗಿ ಒದ್ದೆಯಾಗಿತ್ತು.

ಮುಂದಿನ ಸಾಲಿನ ಹುಡುಗಿ ಕೇಳಿದಳು, "ಸಾರ್, ಜೇಬಲ್ಲಿ ಎಂತ ಐತೆ?"

"ಅಕ್ಷರ" ಎಂದೆ.

ಹೆಡ್‌ಮಾಸ್ಟರು ಎದ್ದರು. "ಮುಂದಿನ ಪಾಠ ನಾಳೆ ಮಾಡಿ" ಎಂದಷ್ಟೇ ಹೇಳಿ ಹೊರಗೆ ಹೋದರು.

ಇದೆಲ್ಲ ಆಗಿ ವರ್ಷ ತುಂಬಿಲ್ಲ. ಬಲಗಡೆಯ ನೋಟ ಬರಲಿಲ್ಲ, ಬರುವುದೂ ಇಲ್ಲವಂತೆ. ಬೆರಳಾಡದೆ ಓದಲು ಈಗಲೂ ಆಗದು. ಆ ಹಳೆಯ ಜ್ವರ ಮರಳದ ಹಾಗೆ ಮೂರು ವಾರಕ್ಕೊಮ್ಮೆ ಸಾಗರಕ್ಕೆ ಹೋಗಿ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು. ಹಾಕಿಸಿಕೊಳ್ಳುತ್ತೇನೆ.

ಕಳೆದ ಸಲ ಅವ್ವನೂ ಬಂದಿದ್ದಳು. ಅದೇ ನಿಲ್ದಾಣ, ಬಂದು ನಿಂತ ಬಸ್ಸು. ನಾನು ಬೆರಳೆತ್ತುವಷ್ಟರಲ್ಲಿ ಅವಳು ನನ್ನ ಕೈ ಹಿಡಿದಳು. "ನೀ ಸುಮ್ನಿರು." ತುಟಿಯಾಡಿಸುತ್ತಾ ಬೋರ್ಡನ್ನೇ ನೋಡಿದಳು. ಹೊ. ಸ. ನ. ಗ. ರ. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್, "ಎಲ್ಲಿಗಮ್ಮಾ? ಇದು ಹೊಸನಗರದ ಬಸ್ಸು" ಎಂದ.

ಅವ್ವ ಮೆಟ್ಟಿಲಿಗೆ ಕಾಲಿಡುತ್ತಾ ಅಂದಳು, "ಗೊತ್ತದೆ ಮಾರಾಯ, ಬರೆದೈತಲ."