ಕೌದಿಯವ್ವನ ಕೆಮ್ಮು

ಇವತ್ತು ಬೆಳಿಗ್ಗೆ ಹಾಲು ಕಾಯಿಸಿ, ಯಜಮಾನರ ಡಬ್ಬಿ ಕಟ್ಟಿ ಕಳಿಸಿದ ಮೇಲೆ, ಟ್ರಂಕಿನಲ್ಲಿದ್ದ ಕೌದಿಗಳನ್ನು ಬಿಸಿಲಿಗೆ ಹಾಕಲು ಮಾಳಿಗೆಗೆ ಒಯ್ದೆ. ಮಡಿಕೆ ಬಿಚ್ಚಿದೊಡನೆ ಒಣ ಬೇವಿನೆಲೆ, ಅತ್ತೆಯವರ ಹಳೆಯ ಸೀರೆ, ಸೋಪು ಎಲ್ಲ ಕೂಡಿದ ವಾಸನೆ... ಒಂದು ಕೌದಿಯ ಮೂಲೆಯಲ್ಲಿ ಕೆಂಪು ಮುಕ್ಕೋನದ ತೇಪೆ. ಅದರ ಮೇಲೆ ಬೆರಳಿಟ್ಟಾಗ ಕೌದಿಯವ್ವ ಕೆಮ್ಮಿದ್ದು ಕೇಳಿದಂತಾಯಿತು.

ಆಕೆ ಇರಕಲ್ಲಗಡದಿಂದ ಬಸ್ಸಿಗೆ ಕೊಪ್ಪಳಕ್ಕೆ ಬಂದು, ಮನೆಮನೆಯ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದು ಕೊಡುತ್ತಿದ್ದಳು. ನಮ್ಮ ಪಡಸಾಲೆಯೇ ಆಕೆಯ ಜಾಗ. ಪಕ್ಕದಲ್ಲಿ ಕೂತು ನಾನೂ ಸೂಜಿ ಹಿಡಿಯುತ್ತಿದ್ದೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದ ನನ್ನ ಸಣ್ಣ ಹೊಲಿಗೆ ನೋಡಿ ಆಕೆ, “ಇರುವಿ ನಡದಂಗ ನಡೀತೈತ್ರಿ ನಿಮ್ಮ ಸೂಜಿ. ಹಿಂಗಾದ್ರ ಈ ಕೌದಿ ನಿಮ್ಮ ಮೊಮ್ಮಕ್ಕಳು ಹೊಚ್ಚಗೋಬೇಕು ಅಕ್ಕಾರ” ಎನ್ನುತ್ತಿದ್ದಳು.

ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ಜೋಳದ ರೊಟ್ಟಿಯನ್ನು ಒಳಗಿಟ್ಟು ಹೊಲಿಯುವುದು ಆಕೆಯ ಊರ ಕಡೆಯ ಪದ್ಧತಿ. ಹಸಿದ ಹೊಟ್ಟೆಯ ಮೇಲೆ ಹೊಲಿಗೆ ಮುಚ್ಚಬಾರದಂತೆ.

ಈ ಕೆಂಪು ತೇಪೆಯ ಕೌದಿ ಹೊಲಿಯುತ್ತಿದ್ದ ವರ್ಷ, ಆಕೆ ಕೆಮ್ಮು ಬಂದಾಗಲೆಲ್ಲ ತೊಡೆಸಂದಿಯನ್ನು ಅಂಗೈಯಿಂದ ಒತ್ತಿ ಹಿಡಿಯುವುದನ್ನು ಗಮನಿಸಿದೆ. ಕೇಳಿದರೆ ಮಾತು ಹಾರಿಸಿದಳು. ಒಂದು ಮಧ್ಯಾಹ್ನ ತಾನೇ ಎದ್ದು ಬಾಗಿಲು ಮುಂದೆ ಮಾಡಿ ಹೇಳಿದಳು. ನಿಂತರೆ ಗಂಟು ಬರುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಹರ್ನಿಯಾ. ಹಿಂದೊಮ್ಮೆ ಎಲ್ಲೋ ಕೊಯ್ಸಿ ಹೊಲಿಸಿಕೊಂಡಿದ್ದಳು, ಹೊಲಿಗೆ ಬಿಟ್ಟು ಗಂಟು ಮರಳಿ ಬಂದಿತ್ತು. ಗಂಡಸರಿಗೆ ಬರುವ ಬೇನೆ ಎಂದು, ಮತ್ತೆ ಬಂದದ್ದನ್ನು ಮನೆಯಲ್ಲೂ ಹೇಳಿರಲಿಲ್ಲ.

“ಕೌದಿ ಗಂಟು ಹೊತ್ತು ಬಸ್ ಹತ್ತಾಕ ಆಗವಲ್ದು. ನಿಮ್ಮ ಕೌದಿ ಮುಗಿದ್ರ ಸೂಜಿ ಇಟ್ಟುಬಿಡ್ತೀನ್ರಿ” ಎಂದಳು. ಸೂಜಿಯಿಲ್ಲದ ಆ ಕೈಗಳನ್ನು ನನಗೆ ಊಹಿಸಿಕೊಳ್ಳಲಾಗಲಿಲ್ಲ.

ಬಹಳ ಹೇಳಿ ಒಪ್ಪಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ, ಬಿಳಿಯ ಜಾಳಿಗೆಯ ತುಣುಕೊಂದನ್ನು ಆಕೆಯ ಕೈಗೆ ಕೊಟ್ಟರು. “ಎರಡೂ ಅಂಚು ಎಳೆದು ಹೊಲಿದ್ರ ಬಿಗಿ ಬೀಳ್ತೈತಿ, ಮತ್ತ ಹರೀತೈತಿ. ನಾ ಎಳೆಯಂಗಿಲ್ಲ. ಈ ಜಾಳಿಗಿ ಹಾಸಿ ಹೊಲಿತೀನಿ. ಮುಂದ ಮಾಂಸ ಇದರ ಕಣ್ಣಾಗ ಬೆಳದು ಹೆಣಕೋತೈತಿ.”

ಆಕೆ ಅದನ್ನು ಬೆಳಕಿಗೆ ಹಿಡಿದಳು. “ಸೊಳ್ಳಿಪರದಿ ಇದ್ದಂಗ ಐತಲ್ರಿ ಸಾಹೇಬ್ರ.”

“ಸೊಳ್ಳಿನೂ ಬರಂಗಿಲ್ಲ, ಗಂಟೂ ಬರಂಗಿಲ್ಲ” ಎಂದು ಡಾಕ್ಟರು ನಕ್ಕರು.

“ತೂತಿಗಿಂತ ದೊಡ್ಡದು ಕತ್ತರಸ್ತೀರೇನ್ರಿ?”

“ಸುತ್ತ ಕಡಿಗೂ ದೊಡ್ಡದು.”

“ಹಂಗಾರ ಮಾಡ್ರಿ. ಮೊದಲ ಹೊಲದವರು ತ್ಯಾಪಿ ಇಲ್ದ ಹೊಲದಿದ್ರು.”

ಆಪರೇಷನ್ ದಿನ ನಾನು ಹೋಗುವಷ್ಟರಲ್ಲಿ ನರ್ಸಮ್ಮ ಸಿಟ್ಟಾಗಿದ್ದರು. ಆಕೆಯ ಸೆರಗಿನಲ್ಲಿ ರೊಟ್ಟಿಯ ಪುಡಿ. “ಏನೂ ತಿನಬ್ಯಾಡ ಅಂತ ಹೇಳಿದ್ದಿಲ್ಲೇನಬೇ?” ಎಂದರೆ, “ಒಂದು ಚೂರು ತಿಂದೀನ್ರಿ. ಹಸದ ಹೊಟ್ಟಿ ಮ್ಯಾಲೆ ಹೊಲಿಗಿ ಮುಚ್ಚತಾರೇನು?” ಎಂದು ಆಕೆಯೇ ಕೇಳಿದಳು. ಆಪರೇಷನ್ ಮರುದಿನಕ್ಕೆ ಹೋಯಿತು. ಅಷ್ಟರಲ್ಲಿ ಮನಸ್ಸು ತಿರುಗಿ ಇರಕಲ್ಲಗಡದ ಬಸ್ ಹತ್ತಿಬಿಟ್ಟರೆ ಎಂದು ನನಗೆ ದಿಗಿಲು. ಬೆಳಿಗ್ಗೆ ಹೋಗಿ ನೋಡಿದರೆ ತಲೆ ಬಾಚಿಕೊಂಡು, ಮಂಚದ ಮೇಲೆ ನೆಟ್ಟಗೆ ಕೂತಿದ್ದಳು. ಡಾಕ್ಟರಿಗೆ, “ಇವತ್ತು ಹಸದೀನ್ರಿ. ಹೊಲದ ಮ್ಯಾಲೆ ನೀವ ಉಣಸ್ರಿ” ಎಂದಳು.

ಆಪರೇಷನ್ ಆಯಿತು. ಡಾಕ್ಟರು ಭಾರ ಎತ್ತಬೇಡವೆಂದ ದಿನಗಳನ್ನು ಊರಿನಲ್ಲಿ ಗೊಣಗುತ್ತಲೇ ಕಳೆದಳಂತೆ. ಆಮೇಲೊಂದು ದಿನ ಓಣಿಯ ತುದಿಯಲ್ಲಿ ಯಾರೋ ಜೋರಾಗಿ ಕೆಮ್ಮಿದ್ದು ಕೇಳಿ ಹೊರಗೆ ಬಂದೆ. ತಲೆಯ ಮೇಲೆ ಕೌದಿಗಳ ದೊಡ್ಡ ಗಂಟು, ಎರಡೂ ಕೈ ಬೀಸಿಕೊಂಡು ಬರುತ್ತಿದ್ದಳು ಕೌದಿಯವ್ವ. ನನ್ನೆದುರು ನಿಂತು, ಗಂಟು ಇಳಿಸದೆ, ತೊಡೆಸಂದಿಗೆ ಕೈಯನ್ನೂ ಒಯ್ಯದೆ ಮತ್ತೊಮ್ಮೆ ಬೇಕಂತಲೇ ಕೆಮ್ಮಿದಳು. “ನೋಡ್ರಿ ಅಕ್ಕಾರ. ಇನ್ನೊಮ್ಮಿ ಕೆಮ್ಮಲೇನು?”

ಮುಚ್ಚಿಟ್ಟಿದ್ದ ಬೇನೆಯನ್ನು ಆಕೆ ಅಂದೇ ಕಟ್ಟೆಯ ಮೇಲೆ ಕೂತು ಓಣಿಯ ಹೆಂಗಸರಿಗೆಲ್ಲ ಹೇಳಿದಳು, ಕೆಮ್ಮಿಯೂ ತೋರಿಸಿದಳು. ನನ್ನ ಅರ್ಧ ಉಳಿದಿದ್ದ ಕೌದಿ ಮುಗಿಸಿದಳು. ಕೊನೆಯ ಮೂಲೆಯಲ್ಲಿಟ್ಟ ರೊಟ್ಟಿ ಚೂರು ಆ ಸಲ ತುಸು ದೊಡ್ಡದೇ ಇತ್ತು.

ವರುಷಗಟ್ಟಲೆ ಮತ್ತೆ ಆ ಕೌದಿಗಳ ಗಂಟು ಹೊತ್ತು ಬಂದಳು. ಕೊನೆಯ ಚಳಿಗಾಲದಲ್ಲಿ ದಮ್ಮಿನ ಕೆಮ್ಮು ಹಿಡಿದು ಹೋದಳೆಂದು ಆಕೆಯ ಸೊಸೆ ಬಂದು ಹೇಳಿದಾಗ, ನಾನು ಕೇಳಬಾರದ್ದನ್ನೇ ಕೇಳಿದೆನೇನೋ... ಗಂಟು ಮತ್ತೆ ಬಂದಿತ್ತೇ ಎಂದು. “ಇಲ್ರಿ. ಅಷ್ಟು ಕೆಮ್ಮಿದ್ರೂ ಆ ತ್ಯಾಪಿ ಅಲುಗಲಿಲ್ಲ” ಎಂದಳು ಸೊಸೆ, ಕಣ್ಣೊರೆಸಿಕೊಳ್ಳುತ್ತ.

ಸಂಜೆ ಕೌದಿ ಮಡಚುವಾಗ ಪಕ್ಕದ ಮಾಳಿಗೆಯಿಂದ ನೆರೆಮನೆಯವರು ಅಂಚು ಹಿಡಿದು ನೋಡಿದರು.

“ಇಷ್ಟು ಹಳೇದಾದ್ರೂ ಒಂದು ತ್ಯಾಪಿನೂ ಬಿಟ್ಟಿಲ್ಲಲ್ರಿ. ಹೊಲದಾಕಿ ನಂಬರ್ ಇದ್ರ ಕೊಡ್ರಿ, ನಮ್ಮವೂ ಎರಡು ಹೊಲಸೂವು ಅದಾವ.”