ಎಲ್ಲ ರೋಗ ಬಲ್ಲ ಲ್ಯೂಪ್ಕಾ
ಬಿಟೋಲ ಪಟ್ಟಣದ ನಮ್ಮ ಹುಡುಗಿಯರ ಹಾಸ್ಟೆಲಿನಲ್ಲಿ ಲ್ಯೂಪ್ಕಾಗೆ ಗೊತ್ತಿಲ್ಲದ ರೋಗವಿಲ್ಲ. ಓದುವುದು ಕಾನೂನು, ಹೇಳುವುದು ಔಷಧಿ. ಕಿಟಕಿ ಬಾಗಿಲು ಎರಡೂ ತೆರೆದಿದ್ದರೆ ಓಡಿಬಂದು ಮುಚ್ಚುತ್ತಾಳೆ; ಅಡ್ಡಗಾಳಿ ಬಡಿದರೆ ಎದೆಯಲ್ಲಿ ಗಂಟು ಕಟ್ಟುತ್ತದಂತೆ. ಕಪ್ಪು ಬ್ರಾ ತೊಟ್ಟರೆ ಗಂಟು, ಅದರೊಳಗೆ ಫೋನ್ ಇಟ್ಟರೆ ಗಂಟು. ಗಂಟಾದರೆ ರಾಕಿಯಾ ಸಾರಾಯಿ ಉಜ್ಜಿ ಕೋಸಿನೆಲೆ ಕಟ್ಟಬೇಕಂತೆ. ಇವತ್ತು ಕೆಳಗಿನ ಹಾಲಿನಲ್ಲಿ ಡಾಕ್ಟರಮ್ಮ ಸ್ತನ ಕ್ಯಾನ್ಸರಿನ ಬಗ್ಗೆ ಹೇಳುತ್ತ, ಎದೆಯನ್ನು ನಾವೇ ಮುಟ್ಟಿ ನೋಡಿಕೊಳ್ಳುವುದು ಹೇಗೆಂದು ತೋರಿಸುತ್ತಿದ್ದರು. "ಇದೆಲ್ಲ ಮುದುಕೀರ ಪಾಠ. ಇರಲಾರ್ದೆ ಇರುವೆ ಬಿಟ್ಕೋಬೇಡ್ರೇ" ಎಂದು ಲ್ಯೂಪ್ಕಾ ನಗಿಸಿ, ಅರ್ಧ ಸಭೆಯನ್ನೇ ಎಬ್ಬಿಸಿಕೊಂಡು ಹೊರಟಳು. ನನಗೆ ಮೈಯೆಲ್ಲ ಉರಿಯಿತು. ಅವಳ ಕೋಣೆಗೆ ಹೋಗಿ, "ನಿನ್ನ ಮಾತು ಕೇಳಿ ಯಾರಾದ್ರೂ ಸತ್ರೆ?" ಎಂದು ಬೈದೆ. ಅವಳು ಬಾಗಿಲು ಮುಚ್ಚಿ ಬಂದು ಮಂಚದ ಮೇಲೆ ಕೂತಳು. "ಗಂಟಿದೆ ಅಂತ ನಮ್ಮಮ್ಮ ಹೇಳಿದ್ಲು ಕಣೇ. ಊರಿಗೆ ಗೊತ್ತಾದ್ರೆ ಮಗಳನ್ನ ಯಾರು ಮದ್ವೆ ಆಗ್ತಾರೆ ಅಂತ ಅಪ್ಪ ಬಾಯಿ ಮುಚ್ಚಿಸ್ದ. ಸತ್ತಾಗ ಎಲ್ಲರಿಗೂ ಹೃದಯದ ಕಾಯಿಲೆ ಅಂದ. ಹೆಣಕ್ಕೆ ಬಟ್ಟೆ ತೊಡಿಸಿದೋಳು ನಾನು. ಆಗ್ಲೇ ಅವಳೆದೆ ನೋಡಿದ್ದು." ನನ್ನ ಸಿಟ್ಟು ಇಳಿಯಲಿಲ್ಲ, ಆ ಅಪ್ಪನ ಕಡೆ ತಿರುಗಿತು. "ನಿನ್ನದನ್ನ ನೋಡ್ಕೊಂಡಿದ್ದೀಯಾ?" ಎಂದೆ. "ಮುಟ್ಟಿದಾಗ ಸಿಕ್ಕೇಬಿಟ್ರೆ?" ಎಂದಳು. ಅವಳ ರಟ್ಟೆ ಹಿಡಿದು ಎಬ್ಬಿಸಿದೆ. "ನಡಿ, ಡಾಕ್ಟರಮ್ಮ ಇನ್ನೂ ಹೋಗಿಲ್ಲ."